ಉದ್ದ ಬಾನೆಟ್ಟಿನ ಹಳೆಯ ಅಮೆರಿಕನ್ ಕಾರು: ಆರಿಸುವ ಬಗೆ, ಎಬ್ಬಿಸುವ ಬಗೆ

ಎರಡೇ ಬಾಗಿಲು. ಮುಂದೆ ಚಾಚಿಕೊಂಡ ಬಾನೆಟ್ಟು, ಹಿಂದೆ ಮೊಟಕು ಡಿಕ್ಕಿ. ಒಳಗೆ ಕೂತರೆ ಎಂಜಿನ್ ಓಡುತ್ತಿದೆಯೋ ನಿಂತಿದೆಯೋ ತಿಳಿಯದಷ್ಟು ನಿಶ್ಶಬ್ದ, ಒಂದೇ ಬೆರಳಿಗೆ ತಿರುಗುವ ಸ್ಟೀರಿಂಗು. ಅಮೆರಿಕದಲ್ಲಿ ಪರ್ಸನಲ್ ಲಕ್ಷುರಿ ಕಾರು ಎಂದು ಕರೆಸಿಕೊಂಡ ಈ ಗಾಡಿಗಳಿಗೆ ದಾರಿ ಮಾಡಿಕೊಟ್ಟದ್ದು 1958ರಲ್ಲಿ ನಾಲ್ಕು ಸೀಟಿಗೆ ಬೆಳೆದ ಫೋರ್ಡ್ ಥಂಡರ್‌ಬರ್ಡ್. 1963ಕ್ಕೆ ಬ್ಯುಕ್ ರಿವಿಯೆರಾ ಬಂತು, 1966ಕ್ಕೆ ಮುಂದಿನ ಚಕ್ರಗಳಿಂದ ಎಳೆಯುವ ಓಲ್ಡ್ಸ್‌ಮೊಬೀಲ್ ಟೊರೊನಾಡೊ, ಮರುವರ್ಷ ಅದೇ ದಾರಿಯಲ್ಲಿ ಕ್ಯಾಡಿಲಾಕ್ ಎಲ್ಡೊರಾಡೊ. 1969ರ ಮಾದರಿಗಳಾಗಿ ಪಾಂಟಿಯಾಕ್ ಗ್ರಾಂಡ್ ಪ್ರಿಯ ಹೊಸ ರೂಪ ಮತ್ತು ಲಿಂಕನ್ ಕಾಂಟಿನೆಂಟಲ್ ಮಾರ್ಕ್ 3, 1970ಕ್ಕೆ ಷೆವರ್ಲೆ ಮಾಂಟೆ ಕಾರ್ಲೊ, 1975ಕ್ಕೆ ಕ್ರೈಸ್ಲರ್ ಕಾರ್ಡೋಬಾ. 1978ರ ಥಂಡರ್‌ಬರ್ಡ್ ಒಂದೇ ಮಾದರಿ ವರ್ಷದಲ್ಲಿ ಮೂರೂವರೆ ಲಕ್ಷ ದಾಟಿತ್ತು. ಅಷ್ಟೊಂದು ತಯಾರಾದ್ದರಿಂದಲೇ ಅಮೆರಿಕದ ಗ್ಯಾರೇಜು, ಕೊಟ್ಟಿಗೆಗಳಲ್ಲಿ ಇವು ಈಗಲೂ ಸಿಗುತ್ತವೆ. ಹಲವು ಕಾರುಗಳು ಹತ್ತಾರು ವರ್ಷ ಓಡದೆ ನಿಂತಿರುತ್ತವೆ.

ಇಂಥ ಕಾರು ಕೊಳ್ಳುವವರು ಸಾಮಾನ್ಯವಾಗಿ ಬಾನೆಟ್ ಎತ್ತಿ ಎಂಜಿನ್ನಿನಿಂದ ಶುರುಮಾಡುತ್ತಾರೆ. ಅದು ತಲೆಕೆಳಗಾದ ಕ್ರಮ. ಫೋರ್ಡ್‌ನ 460, ಷೆವರ್ಲೆಯ 350 ಇವೆಲ್ಲ ಲಕ್ಷಗಟ್ಟಲೆ ತಯಾರಾದ, ಎಂಟು ಸಿಲಿಂಡರಿನ ವಿ-8 ಎಂಜಿನ್ನುಗಳು. ಅಂಕಿ ಅವುಗಳ ಗಾತ್ರ, ಘನ ಇಂಚಿನಲ್ಲಿ. ಇವುಗಳ ಗ್ಯಾಸ್ಕೆಟ್ಟು, ಪಂಪು, ಬೇರಿಂಗುಗಳೆಲ್ಲ ಇಂದಿಗೂ ಹೊಸದಾಗಿ ಸಿಗುತ್ತವೆ. ಸಿಗದಿರುವುದು ಐಷಾರಾಮದ ಭಾಗಗಳು: ಛಾವಣಿಯ ವಿನೈಲ್ ಅಂಚಿನ ಪಟ್ಟಿ, ಪಕ್ಕದ ಪುಟ್ಟ ಆಪೆರಾ ಕಿಟಕಿಯ ಚೌಕಟ್ಟು, ಹೆಡ್‌ಲೈಟ್ ಮುಚ್ಚುವ ರೆಪ್ಪೆ, ಆ ವರ್ಷಕ್ಕೆ ಮಾತ್ರ ಬಂದ ಬಣ್ಣದ ವೆಲೂರ್ ಬಟ್ಟೆ. ಈ ಕಾರಿನ ಬೆಲೆ ಇರುವುದೂ ಅಲ್ಲೇ, ಹಾಳಾಗುವುದೂ ಅಲ್ಲೇ. ಆದ್ದರಿಂದ ಮೇಲಿನಿಂದ ಕೆಳಕ್ಕೆ, ಹೊರಗಿನಿಂದ ಒಳಕ್ಕೆ ನೋಡುತ್ತ ಬನ್ನಿ. ಎಂಜಿನ್ ಕೊನೆಗಿರಲಿ.

ವರ್ಷ, ನಂಬರು, ಕಾಗದ

ಮಾದರಿ ವರ್ಷವೊಂದು ಬದಲಾದರೆ ಕಾರಿನ ಸ್ವಭಾವವೂ ಬದಲಾಗುತ್ತದೆ. 1970ರ ಎಲ್ಡೊರಾಡೊದ 500 ಘನ ಇಂಚಿನ, ಅಂದರೆ 8.2 ಲೀಟರಿನ ಎಂಜಿನ್ನಿಗೆ 400 ಅಶ್ವಶಕ್ತಿ ಎಂದು ಬರೆದಿದ್ದರು. 1972ರಲ್ಲಿ ಅದೇ ಎಂಜಿನ್ನಿಗೆ 235. ನಡುವೆ 1971ರಲ್ಲಿ ಕಂಪ್ರೆಷನ್ ಇಳಿಸಿದ್ದು ನಿಜ, ಆದರೆ ಅಂತರದ ದೊಡ್ಡ ಪಾಲು ಅಳತೆಯದು. 1972ರಿಂದ ಫ್ಯಾನು, ಸೈಲೆನ್ಸರು ಎಲ್ಲ ಜೋಡಿಸಿದ ಮೇಲೆ ಸಿಗುವ ಶಕ್ತಿಯನ್ನು ಬರೆಯತೊಡಗಿದರು. 1970ರದ್ದಕ್ಕೆ ಪ್ರೀಮಿಯಂ ಪೆಟ್ರೋಲ್ ಬೇಕು, 1971ರಿಂದ ಈಚಿನ ಜನರಲ್ ಮೋಟರ್ಸ್ ಎಂಜಿನ್ನುಗಳಿಗೆ 87 ಆಕ್ಟೇನಿನ ಸಾದಾ ಪೆಟ್ರೋಲ್ ಸಾಕು.

ಕಾರು ಕ್ಯಾಲಿಫೋರ್ನಿಯಾದಲ್ಲಿ ನೋಂದಣಿಯಾಗಬೇಕಿದ್ದರೆ ಇನ್ನೊಂದು ಗೆರೆ ಇದೆ: 1975 ಮತ್ತು ಅದಕ್ಕೂ ಹಿಂದಿನ ಪೆಟ್ರೋಲ್ ಕಾರಿಗೆ ಹೊಗೆ ತಪಾಸಣೆ ಇಲ್ಲ, 1976ರಿಂದ ಇದೆ. ನೋಡಲು ಒಂದೇ ಥರ ಇರುವ ಎರಡು ಕಾರುಗಳಲ್ಲಿ ಈ ಒಂದು ವರ್ಷದ ವ್ಯತ್ಯಾಸವೇ ಏರ್ ಪಂಪು, ಇಜಿಆರ್ ವಾಲ್ವು, ಕ್ಯಾಟಲಿಟಿಕ್ ಕನ್ವರ್ಟರಿನಂಥ ಹೊಗೆ ತಗ್ಗಿಸುವ ಭಾಗಗಳೆಲ್ಲ ಮೂಲದಂತೆ ಇರಲೇಬೇಕೇ ಎಂಬುದನ್ನು ತೀರ್ಮಾನಿಸುತ್ತದೆ.

ಡ್ರೈವರ್ ಬದಿಯ ಮುಂಗಾಜಿನ ಕೆಳಗೆ, ಡ್ಯಾಶ್‌ಬೋರ್ಡಿನ ಮೇಲೆ, ನಂಬರಿನ ತಗಡು ಹೊರಗಿನಿಂದಲೇ ಕಾಣುತ್ತದೆ. 1969ರಿಂದ ಈ ಜಾಗ ಕಡ್ಡಾಯವಾಯಿತು. ಅದು ಟೈಟಲ್ ಎಂಬ ಒಡೆತನದ ಕಾಗದದ ನಂಬರಿಗೆ ಅಕ್ಷರಕ್ಕೆ ಅಕ್ಷರ ಹೊಂದಬೇಕು. 17 ಅಕ್ಷರದ ನಂಬರು ಬಂದದ್ದು 1981ರ ಮಾದರಿಯಿಂದ, ಹಾಗಾಗಿ ಅದಕ್ಕಿಂತ ಹಳೆಯದರಲ್ಲಿ ಕಡಿಮೆ ಅಕ್ಷರಗಳಿದ್ದರೆ ಅನುಮಾನ ಬೇಡ. 1972ರಿಂದ 1980ರವರೆಗಿನ ಜನರಲ್ ಮೋಟರ್ಸ್ ಕಾರುಗಳಲ್ಲಿ 13 ಇರುತ್ತವೆ. ಮೊದಲ ಅಂಕಿ ವಿಭಾಗದ್ದು (1 ಷೆವರ್ಲೆ, 2 ಪಾಂಟಿಯಾಕ್, 3 ಓಲ್ಡ್ಸ್‌ಮೊಬೀಲ್, 4 ಬ್ಯುಕ್, 6 ಕ್ಯಾಡಿಲಾಕ್), ಐದನೆಯ ಅಕ್ಷರ ಎಂಜಿನ್ನಿನದು, ಆರನೆಯದು ವರ್ಷ. ಫೋರ್ಡ್ ಮತ್ತು ಲಿಂಕನ್‌ನಲ್ಲಿ 11 ಅಕ್ಷರ. ಮೊದಲನೆಯದು ವರ್ಷದ ಕೊನೆಯ ಅಂಕಿ, ಐದನೆಯದು ಎಂಜಿನ್. ಹಾಗಾಗಿ 1978ರ ಮಾರ್ಕ್ 5ರ ನಂಬರು 8ರಿಂದ ಶುರುವಾಗುತ್ತದೆ. ಐದನೆಯ ಜಾಗದಲ್ಲಿ ಎ ಇದ್ದರೆ ಕಾರ್ಖಾನೆಯಿಂದಲೇ 460 ಬಂದಿದೆ, ಎಸ್ ಇದ್ದರೆ 400.

ಛಾವಣಿ: ಇಲ್ಲಿ ಅವಸರ ಬೇಡ

ವಿನೈಲ್ ಹೊದಿಸಿದ ಛಾವಣಿ ಈ ಕಾರುಗಳ ಚೆಲುವು, ಅದೇ ಅವುಗಳ ಮೊದಲ ಶತ್ರು ಕೂಡ. ವಿನೈಲಿನ ಹೊಲಿಗೆ ಒಡೆದು ಅಥವಾ ಅಂಚಿನ ಸ್ಟೀಲ್ ಪಟ್ಟಿಯ ಕ್ಲಿಪ್ಪುಗಳ ತೂತಿನಿಂದ ನೀರು ಒಳಗಿಳಿಯುತ್ತದೆ. ಕೆಳಗಿನ ಫೋಮ್ ಪದರ ಅದನ್ನು ಹೀರಿಕೊಂಡು ವಾರಗಟ್ಟಲೆ ಬಿಡುವುದಿಲ್ಲ. ಹೊರಗಿನಿಂದ ಚೆನ್ನಾಗಿ ಕಾಣುವ ಛಾವಣಿಯ ಕೆಳಗೆ ತಗಡು ಜರಡಿಯಾಗಿರಬಹುದು.

ಹಿಂದಿನ ಗಾಜಿನ ಕೆಳ ಮೂಲೆಗಳಿಂದ ಶುರುಮಾಡಿ. ಹೆಬ್ಬೆರಳಿನಿಂದ ಅಂಚಿನುದ್ದಕ್ಕೂ ಮೆಲ್ಲಗೆ ಒತ್ತುತ್ತ ಹೋಗಿ. ಒಳಗೆ ಗರಗರ ಸದ್ದು ಬಂದರೆ ಅಥವಾ ಬೊಕ್ಕೆಯಂತೆ ಉಬ್ಬಿದ್ದರೆ ಅದು ತುಕ್ಕು. ಆಪೆರಾ ಕಿಟಕಿಯ ಕೆಳಗೆ, ಮುಂಗಾಜಿನ ಮೇಲಂಚಿನಲ್ಲೂ ಹೀಗೇ ನೋಡಿ. ಫೋಮ್ ಇರುವ ಛಾವಣಿಯ ಮೇಲೆ ಅಯಸ್ಕಾಂತ ಇಟ್ಟು ಪರೀಕ್ಷಿಸಿದರೆ ದಪ್ಪದಿಂದಾಗಿ ಏನೂ ಗೊತ್ತಾಗುವುದಿಲ್ಲ. ಬದಲಿಗೆ ಡಿಕ್ಕಿ ತೆಗೆದು ಚಾಪೆ ಎತ್ತಿ. ಹಿಂದಿನ ಗಾಜು ಕೂರುವ ತೋಡು ತುಕ್ಕು ಹಿಡಿದಿದ್ದರೆ ಆ ನೀರು ಡಿಕ್ಕಿಯ ನೆಲಕ್ಕೆ, ಸ್ಟೆಪ್ನಿಯ ಗುಂಡಿಗೆ ಇಳಿದಿರುತ್ತದೆ. ಟಾರ್ಚ್ ಹಿಡಿದು ಹಿಂದಿನ ಸೀಟಿನ ಹಿಂಭಾಗದ ತಗಡನ್ನು ಕೆಳಗಿನಿಂದ ನೋಡಿ. ಕಂದು ಗೆರೆಗಳು ಇಳಿದಿದ್ದರೆ ಮೇಲೆ ಏನಾಗಿದೆ ಎಂದು ಊಹಿಸಬೇಕಾಗಿಲ್ಲ.

ರಿಪೇರಿಯ ಕ್ರಮ ಹೀಗೆ. ಅಂಚಿನ ಸ್ಟೀಲ್ ಪಟ್ಟಿಗಳನ್ನು ಕ್ಲಿಪ್ ತೆಗೆಯುವ ಚಪ್ಪಟೆ ಉಪಕರಣದಿಂದ ಒಂದೊಂದಾಗಿ ಸಡಿಲಿಸಿ. ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ಪಟ್ಟಿ ಮಡಿಚಿಕೊಳ್ಳುತ್ತದೆ, ಮಡಿಚಿದ ಪಟ್ಟಿ ಮತ್ತೆ ನೇರವಾಗುವುದಿಲ್ಲ. ಪ್ರತಿಯೊಂದರ ಹಿಂದೆಯೂ ಯಾವ ಬದಿ, ಯಾವ ಕಡೆ ಎಂದು ಬರೆದಿಡಿ. ಹೀಟ್ ಗನ್ನಿನಿಂದ ಬಿಸಿ ಕೊಡುತ್ತ ವಿನೈಲ್ ಸುಲಿಯಿರಿ. ಹಳೆಯದನ್ನು ಹರಿಯದೆ ತೆಗೆದರೆ ಹೊಸದರ ಅಳತೆಗೆ ಬರುತ್ತದೆ. ಅಂಟನ್ನೂ ಫೋಮನ್ನೂ ಪೂರ್ತಿ ತೆಗೆದು ತಗಡು ಹೊಳೆಯುವವರೆಗೆ ಉಜ್ಜಿ. ತೂತಿದ್ದಲ್ಲಿ ಹೊಸ ತಗಡು ಬೆಸುಗೆ ಹಾಕಿಸಿ. ಪುಟ್ಟಿ ತುಂಬಿದರೆ ಅದೇ ಜಾಗದಲ್ಲಿ ಮತ್ತೆ ತುಕ್ಕು ಏಳುತ್ತದೆ. ಎಪಾಕ್ಸಿ ಪ್ರೈಮರ್ ಎರಡು ಕೋಟು, ಅದರ ಮೇಲೆ ಬಣ್ಣದ ಒಂದು ಕೋಟು. ಕಾರ್ಖಾನೆಯವರು ಖರ್ಚು ಉಳಿಸಲು ಬಿಟ್ಟದ್ದು ಇದನ್ನೇ.

ಹೊಸ ವಿನೈಲನ್ನು ಅಂಟಿಸುವ ಮುಂಚೆ ಬಿಸಿಲಿಗೆ ಹರಡಿ, ಮಡಿಕೆಗಳು ಹೋಗಲಿ. ಛಾವಣಿಯ ನಡುಗೆರೆಯನ್ನೂ ವಿನೈಲಿನ ನಡುಗೆರೆಯನ್ನೂ ಗುರುತು ಮಾಡಿ ಕೂಡಿಸಿ. ಕಾಂಟ್ಯಾಕ್ಟ್ ಅಂಟನ್ನು ಎರಡೂ ಮೈಗೆ ಹಚ್ಚಿ, ಬೆರಳಿಗೆ ಹತ್ತದಷ್ಟು ಒಣಗುವವರೆಗೆ ಕಾಯಿರಿ. ಅರ್ಧ ಛಾವಣಿ ಮಾತ್ರ ಒಮ್ಮೆಗೆ. ನಡುವಿನಿಂದ ಅಂಚಿನ ಕಡೆಗೆ ಅಂಗೈಯಿಂದ ಸವರುತ್ತ ಹೋಗಬೇಕು. ಚಳಿಯಲ್ಲಿ ಈ ಕೆಲಸ ಕೈಗೂಡುವುದಿಲ್ಲ, ಕೋಣೆಯ ಉಷ್ಣತೆ 20 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿದ್ದರೆ ವಿನೈಲ್ ಬಾಗದೆ ಸುಕ್ಕು ಬೀಳುತ್ತದೆ. ಕ್ಲಿಪ್ಪಿನ ಪ್ರತಿ ತೂತಿಗೂ ಬ್ಯುಟೈಲ್ ಸೀಲೆಂಟ್ ಹಾಕಿದ ಮೇಲೆಯೇ ಪಟ್ಟಿ ಕೂರಿಸಿ.

ಊರಿನ ಮಾತೂ ಇದೆ. ಮಿಷಿಗನ್, ಒಹಾಯೊ, ನ್ಯೂಯಾರ್ಕ್ ಕಡೆ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ. ಅಲ್ಲಿನ ಕಾರಿನ ಚಾಸಿ, ಬಾಡಿ ಮೌಂಟುಗಳ ಸುತ್ತ, ಬ್ರೇಕ್ ಪೈಪುಗಳು ತಿಂದುಹೋಗಿರುತ್ತವೆ. ಅರಿಜೋನಾದ ಕಾರಿನ ಡ್ಯಾಶ್‌ಬೋರ್ಡ್ ಬಿರಿದಿರುತ್ತದೆ, ವಿನೈಲ್ ಒಣಗಿ ಸೀಳಿರುತ್ತದೆ, ತಗಡು ಮಾತ್ರ ಗಟ್ಟಿ. ಎರಡರಲ್ಲಿ ಒಂದು ಆರಿಸಬೇಕೆಂದರೆ ಯೋಚಿಸದೆ ಒಣ ಊರಿನದನ್ನು ಆರಿಸಿ.

ಬಂಪರು, ಬಾಗಿಲು

1974ರ ಹೊತ್ತಿಗೆ ಮುಂದಿನ, ಹಿಂದಿನ ಬಂಪರುಗಳೆರಡೂ ಗಂಟೆಗೆ 5 ಮೈಲಿ ವೇಗದ ಗುದ್ದು ತಾಳಬೇಕೆಂಬ ನಿಯಮ ಬಂತು. ಬಂಪರು ಒಳಸರಿಯಲು ಜಾಗ ಬೇಕಾದ್ದರಿಂದ ಅದಕ್ಕೂ ಮಡ್‌ಗಾರ್ಡಿಗೂ ನಡುವೆ ಮೆತ್ತನೆ ಪ್ಲಾಸ್ಟಿಕ್ ತುಂಡುಗಳನ್ನು ಕೂರಿಸಿದರು. ಬಿಸಿಲಿಗೆ ಇವು ಬಿಸ್ಕತ್ತಿನಂತೆ ಪುಡಿಯಾಗುತ್ತವೆ. ಎಲ್ಡೊರಾಡೊದಲ್ಲಿ ಇವು ಸರಿಯಾಗಿ ಉಳಿದಿದ್ದರೆ ಯಾರೋ ಬದಲಿಸಿದ್ದಾರೆ ಎಂದೇ ತಿಳಿಯಿರಿ. ಹೊಸದಾಗಿ ಫೈಬರ್‌ಗ್ಲಾಸಿನವೂ ಬಾಗುವ ಪ್ಲಾಸ್ಟಿಕ್ಕಿನವೂ ಸಿಗುತ್ತವೆ. ಬಾಗುವಂಥದ್ದನ್ನೇ ಕೊಳ್ಳಿ, ಬಣ್ಣಕ್ಕೆ ಫ್ಲೆಕ್ಸ್ ಅಡಿಟಿವ್ ಸೇರಿಸಿ ಹೊಡೆಸಿ. ಇಲ್ಲದಿದ್ದರೆ ಬಂಪರು ಅಲುಗಿದ ಕೂಡಲೇ ಬಣ್ಣ ಬಿರಿಯುತ್ತದೆ.

ಬಾಗಿಲುಗಳು ಉದ್ದ, ಭಾರ. ಅರ್ಧ ತೆರೆದು ತುದಿಯನ್ನು ಮೇಲಕ್ಕೆತ್ತಿ ನೋಡಿ. ಮೇಲೆ ಕೆಳಗೆ ಆಡಿದರೆ ಹಿಂಜಿನ ಪಿನ್ನು, ಬುಶ್ ಸವೆದಿವೆ. ಬಾಗಿಲ ಕೆಳಗೆ ಜಾಕ್ ಕೊಟ್ಟು, ಮರದ ತುಂಡಿಟ್ಟು, ಒಮ್ಮೆಗೆ ಒಂದೇ ಹಿಂಜಿನ ಪಿನ್ನು ಹೊಡೆದು ತೆಗೆದು ಹೊಸ ಬುಶ್ ಹಾಕಿ. ಬುಶ್ ಹಾಕದೆ ಲಾಚ್ ಸಿಕ್ಕುವ ಸ್ಟ್ರೈಕರನ್ನು ಕೆಳಗಿಳಿಸಿ ಬಾಗಿಲು ಮುಚ್ಚುವಂತೆ ಮಾಡಿರುವ ಕಾರುಗಳು ಬಹಳ. ಸ್ಟ್ರೈಕರಿನ ಸುತ್ತ ಹಳೆಯ ವಾಷರಿನ ಗುರುತು ಕಂಡರೆ ಆ ಕೆಲಸ ನಡೆದಿದೆ.

ಕಿಟಕಿಯ ಸ್ವಿಚ್ ಒತ್ತಿದಾಗ ಮೋಟರ್ ಗುಂಯ್‌ಗುಟ್ಟಿ ಗಾಜು ಏರದಿದ್ದರೆ, ಫೋರ್ಡ್ ಮತ್ತು ಲಿಂಕನ್‌ಗಳಲ್ಲಿ ಕಾರಣ ಬಹುಪಾಲು ಒಂದೇ: ಮೋಟರಿನ ಗೇರಿನೊಳಗಿನ ಮೂರು ಪ್ಲಾಸ್ಟಿಕ್ ಗುಳಿಗೆಗಳು ಪುಡಿಯಾಗಿವೆ. ಮೋಟರ್ ಬದಲಿಸಬೇಕಿಲ್ಲ, ಗುಳಿಗೆಗಳ ಕಿಟ್ ಸಾಕು. ಒಂದು ಎಚ್ಚರಿಕೆ ಮಾತ್ರ ಮರೆಯಬೇಡಿ. ಗಾಜಿನ ಭಾರ ತೂಗಲು ಒಳಗೆ ಬಿಗಿಯಾದ ಸುರುಳಿ ಸ್ಪ್ರಿಂಗ್ ಇದೆ. ರೆಗ್ಯುಲೇಟರನ್ನು ಬೋಲ್ಟ್ ಅಥವಾ ಕ್ಲ್ಯಾಂಪಿನಿಂದ ಕಟ್ಟಿಹಾಕದೆ ಮೋಟರ್ ಬಿಚ್ಚಿದರೆ ಹಲ್ಲಿನ ತೋಳು ಚಿಮ್ಮಿ ಬೆರಳು ಮುರಿಯುತ್ತದೆ. ಗಾಜು ನಿಧಾನವಾಗಿ ಏರುತ್ತಿದ್ದರೆ ಮೋಟರನ್ನು ದೂಷಿಸುವ ಮೊದಲು ಓಡುತ್ತಿರುವಾಗಲೇ ಅದರ ವೈರಿನಲ್ಲಿ ವೋಲ್ಟೇಜ್ ಅಳೆಯಿರಿ. 10.5ಕ್ಕಿಂತ ಕಡಿಮೆ ಇದ್ದರೆ ದೋಷ ಸ್ವಿಚ್ಚಿನದು, ಅರ್ತಿನದು, ಇಲ್ಲವೇ ಹಿಂಜಿನ ಹತ್ತಿರ ಮಡಚಿ ಮಡಚಿ ತುಂಡಾಗುತ್ತಿರುವ ವೈರಿನದು.

ವ್ಯಾಕ್ಯೂಮ್: ಕಣ್ಣಿಗೆ ಕಾಣದ ಆಳು

ಹೆಡ್‌ಲೈಟಿನ ರೆಪ್ಪೆ, ಹವಾನಿಯಂತ್ರಣದ ಒಳಬಾಗಿಲುಗಳು, ಗೇರ್ ಹಾಕಿದಾಗ ತಾನೇ ಬಿಡುವ ಪಾರ್ಕಿಂಗ್ ಬ್ರೇಕು, ಕ್ರೂಸ್ ಕಂಟ್ರೋಲು, ಕೆಲವದರಲ್ಲಿ ಬಾಗಿಲಿನ ಬೀಗ, ಇವೆಲ್ಲ ಎಂಜಿನ್ ಎಳೆಯುವ ನಿರ್ವಾತದಿಂದಲೇ ಓಡುತ್ತವೆ. ಐವತ್ತು ವರ್ಷದ ರಬ್ಬರ್ ಪೈಪುಗಳು ಎಲ್ಲಿ ಸೀಳಿದರೂ ಈ ಸುಖಗಳು ಒಂದೊಂದಾಗಿ ನಿಲ್ಲುತ್ತವೆ, ಜೊತೆಗೆ ಎಂಜಿನ್ನಿನ ಐಡಲ್ ಕೂಡ ಕೆಡುತ್ತದೆ. ಗ್ಯಾರೇಜಿನವರು ಹಲವು ಸಲ ಪೈಪಿಗೆ ಬಿರಡೆ ಹಾಕಿ ಮುಗಿಸಿಬಿಟ್ಟಿರುತ್ತಾರೆ. ಬಾನೆಟ್ಟಿನ ಕೆಳಗೆ ಪೈಪಿನ ಬಾಯಿಗೆ ತುರುಕಿದ ಸ್ಕ್ರೂ, ಪ್ಲಗ್ಗು ಎಷ್ಟಿವೆ ಎಂದು ಎಣಿಸಿ. ಅಷ್ಟು ಸೌಕರ್ಯಗಳು ಸತ್ತಿವೆ ಎಂದರ್ಥ.

ಬೇಕಾದ್ದು ಎರಡೇ ಉಪಕರಣ: ವ್ಯಾಕ್ಯೂಮ್ ಗೇಜು ಮತ್ತು ಕೈಪಂಪು. ಮೊದಲು ಎಂಜಿನ್ ಬಿಸಿಯಾದ ಮೇಲೆ ಮ್ಯಾನಿಫೋಲ್ಡಿಗೆ ಗೇಜು ಸಿಕ್ಕಿಸಿ. ಸಮುದ್ರಮಟ್ಟದ ಊರಿನಲ್ಲಿ ಐಡಲ್‌ನಲ್ಲಿ ಮುಳ್ಳು 17ರಿಂದ 21 ಇಂಚಿನ (ಪಾದರಸದ ಅಳತೆ) ನಡುವೆ ಅಲುಗದೆ ನಿಲ್ಲಬೇಕು. ಕಡಿಮೆ ಇದ್ದು ಸ್ಥಿರವಾಗಿದ್ದರೆ ಸೋರಿಕೆ ಅಥವಾ ತಡವಾದ ಟೈಮಿಂಗ್, ಒಂದೇ ಲಯದಲ್ಲಿ ಬೀಳುತ್ತಿದ್ದರೆ ಒಂದು ವಾಲ್ವ್ ಸರಿಯಾಗಿ ಮುಚ್ಚುತ್ತಿಲ್ಲ. ಆಮೇಲೆ ಮ್ಯಾನಿಫೋಲ್ಡಿನಿಂದ ಹೊರಡುವ ಮುಖ್ಯ ಪೈಪನ್ನು ತೆಗೆದು ಬಾಯಿ ಮುಚ್ಚಿ ನೋಡಿ. ಐಡಲ್ ನೆಟ್ಟಗಾದರೆ ಸೋರಿಕೆ ಬಾಡಿಯ ಕಡೆಯದು.

ಅಲ್ಲಿಂದ ಒಂದೊಂದೇ ಕವಲನ್ನು ಬೇರ್ಪಡಿಸುತ್ತ ಹೋಗಿ. ಪ್ರತಿ ಆಕ್ಚುಯೇಟರಿಗೆ ಕೈಪಂಪಿನಿಂದ 15 ಇಂಚು ಎಳೆದು ಒಂದು ನಿಮಿಷ ಬಿಡಿ. ಮುಳ್ಳು ಕದಲದಿದ್ದರೆ ಒಳ್ಳೆಯದು, ಇಳಿದರೆ ಒಳಗಿನ ಪೊರೆ ಹರಿದಿದೆ. ವ್ಯಾಕ್ಯೂಮ್ ಟ್ಯಾಂಕನ್ನೂ ಹೀಗೇ ಪರೀಕ್ಷಿಸಿ. ತಗಡಿನ ಟ್ಯಾಂಕುಗಳ ತಳ, ಬ್ರಾಕೆಟ್ ಕೂರುವ ಜಾಗ ತುಕ್ಕಿಗೆ ತೂತಾಗುತ್ತದೆ. ಟ್ಯಾಂಕಿನ ಮುಂಚೆ ಇರುವ ಚೆಕ್ ವಾಲ್ವ್ ಒಂದೇ ಕಡೆಗೆ ಗಾಳಿ ಬಿಡಬೇಕು. ಎರಡೂ ಕಡೆ ಬಿಟ್ಟರೆ ಬಿಸಾಡಿ, ಅದು ಅಗ್ಗದ ಭಾಗ. ಆಕ್ಸಿಲರೇಟರ್ ಒತ್ತಿದಾಗಲೆಲ್ಲ ಮುಖಕ್ಕೆ ಬರುತ್ತಿದ್ದ ಎಸಿ ಗಾಳಿ ಮುಂಗಾಜಿನ ಕಡೆಗೆ ಹೊರಳಿದರೆ ಚೆಕ್ ವಾಲ್ವನ್ನೇ ಮೊದಲು ಸಂದೇಹಿಸಬೇಕು.

ಮಾರ್ಕ್ 4, ಮಾರ್ಕ್ 5ಗಳಲ್ಲಿ ಎಂಜಿನ್ ನಿಲ್ಲಿಸಿದ ಒಂದು ಗಂಟೆಯೊಳಗೆ ರೆಪ್ಪೆಗಳು ತಾವೇ ತೆರೆದುಕೊಂಡರೆ ವ್ಯವಸ್ಥೆ ಸೋರುತ್ತಿದೆ. ನಿರ್ವಾತ ಹೋದರೂ ದೀಪ ಮುಚ್ಚಿಹೋಗದಿರಲಿ ಎಂದು ಸ್ಪ್ರಿಂಗ್ ಅವನ್ನು ತೆರೆಯುವಂತೆ ಮಾಡಿದ್ದಾರೆ. ಪೈಪುಗಳಿಗೆ ಬಣ್ಣದ ಗೆರೆಗಳಿವೆ, ಬದಲಿಸುವಾಗ ಒಮ್ಮೆಗೆ ಒಂದನ್ನೇ ತೆಗೆದು ಅದೇ ಒಳವ್ಯಾಸದ ಹೊಸದನ್ನು ಹಾಕಿ. ಎಲ್ಲ ಬಿಚ್ಚಿ ರಾಶಿ ಹಾಕಿದರೆ ಕಂಪನಿಯ ಶಾಪ್ ಮ್ಯಾನುಯಲ್ಲಿನ ನಕ್ಷೆ ಇಲ್ಲದೆ ಮತ್ತೆ ಜೋಡಿಸಲಾಗದು. ಆ ಮ್ಯಾನುಯಲ್ ಹೇಗೂ ಬೇಕು. ಜನರಲ್ ಮೋಟರ್ಸ್ ಕಾರಾದರೆ ಫಿಷರ್ ಬಾಡಿಯ ಪ್ರತ್ಯೇಕ ಮ್ಯಾನುಯಲ್ಲನ್ನೂ ಕೊಳ್ಳಿ, ಕಿಟಕಿ, ಬಾಗಿಲು, ಸೀಟಿನ ವಿಷಯ ಅದರಲ್ಲೇ ಇರುವುದು.

ನಿಂತ ಎಂಜಿನ್ನನ್ನು ಎಬ್ಬಿಸುವುದು

ಬ್ಯಾಟರಿ ಹಾಕಿ ಸೆಲ್ಫ್ ಹೊಡೆದುಬಿಡುವ ಆಸೆ ಎಲ್ಲರಿಗೂ ಆಗುತ್ತದೆ. ತಡೆದುಕೊಳ್ಳಿ.

ಎಂಟು ಪ್ಲಗ್ಗುಗಳನ್ನೂ ತೆಗೆಯಿರಿ. ವೈರುಗಳಿಗೆ ನಂಬರ್ ಹಚ್ಚಿ. ಪ್ರತಿ ಸಿಲಿಂಡರಿಗೆ 10 ಮಿಲಿಯಷ್ಟು ತೆಳು ಎಣ್ಣೆ ಬಿಟ್ಟು ಎರಡು ದಿನ ಹಾಗೇ ಇರಲಿ. ಆಮೇಲೆ ಕ್ರ್ಯಾಂಕಿನ ಮುಂದಿನ ಬೋಲ್ಟಿಗೆ ಉದ್ದ ಹಿಡಿಯ ಸಾಕೆಟ್ ಹಾಕಿ ಕೈಯಿಂದಲೇ ಎರಡು ಪೂರ್ತಿ ಸುತ್ತು ತಿರುಗಿಸಿ. ಸಿಕ್ಕಿಕೊಂಡರೆ ಬಲ ಹಾಕಬೇಡಿ, ಇನ್ನಷ್ಟು ಎಣ್ಣೆ, ಇನ್ನೆರಡು ದಿನ.

ಇದೇ ಹೊತ್ತಿನಲ್ಲಿ ಟೈಮಿಂಗ್ ಚೈನನ್ನೂ ನೋಡಿಬಿಡಿ. ಡಿಸ್ಟ್ರಿಬ್ಯೂಟರ್ ಮುಚ್ಚಳ ತೆಗೆದು, ಕ್ರ್ಯಾಂಕನ್ನು ಒಂದು ದಿಕ್ಕಿಗೆ ತಿರುಗಿಸಿ ನಿಲ್ಲಿಸಿ. ನಿಧಾನ ಹಿಮ್ಮುಖ ತಿರುಗಿಸುತ್ತ ರೋಟರ್ ಕದಲುವ ಮುಂಚೆ ಕ್ರ್ಯಾಂಕ್ ಎಷ್ಟು ಡಿಗ್ರಿ ಹೋಯಿತು ಎಂದು ಪುಲ್ಲಿಯ ಗುರುತಿನಲ್ಲಿ ಓದಿ. 8ರಿಂದ 10 ಡಿಗ್ರಿ ದಾಟಿದರೆ ಚೈನ್ ಜೋತಿದೆ. ಸದ್ದು ಕಡಿಮೆಯಾಗಲೆಂದು ಆ ಕಾಲದ ಹಲವು ವಿ-8ಗಳ ಕ್ಯಾಮ್ ಗೇರಿನ ಹಲ್ಲುಗಳಿಗೆ ನೈಲಾನ್ ಹೊದಿಸಿದ್ದರು. ವಯಸ್ಸಾದಂತೆ ಅದು ಒಡೆದು ಚೂರುಗಳು ಆಯಿಲ್ ಸಂಪಿಗೆ ಬಿದ್ದು ಪಂಪಿನ ಜಾಲರಿ ಕಟ್ಟುತ್ತವೆ. ಓಡಿದ ದೂರ ಕಡಿಮೆ ಇದ್ದರೂ ಈ ಗೇರನ್ನು ನಂಬಬೇಡಿ, ಪೂರ್ತಿ ಲೋಹದ ಜೋಡಿಗೆ ಬದಲಿಸಿ, ಸಂಪನ್ನೂ ಇಳಿಸಿ ತೊಳೆಯಿರಿ.

ಹಳೆಯ ಆಯಿಲ್ಲಿನ ವಾಸನೆ ನೋಡಿ. ಪೆಟ್ರೋಲ್ ವಾಸನೆ ಬಡಿದರೆ ಮೆಕ್ಯಾನಿಕಲ್ ಪಂಪಿನ ಪೊರೆ ಹರಿದು ಪೆಟ್ರೋಲ್ ಕ್ರ್ಯಾಂಕ್‌ಕೇಸಿಗೆ ಇಳಿದಿದೆ. ಹೊಸ ಆಯಿಲ್ 10ಡಬ್ಲ್ಯು-30 ಅಥವಾ 10ಡಬ್ಲ್ಯು-40, ಸತುವಿನ ಅಂಶ 1,000ದಿಂದ 1,200 ಪಿಪಿಎಂ ಇರುವಂಥದ್ದು. ಫ್ಲಾಟ್ ಟ್ಯಾಪೆಟ್ ಕ್ಯಾಮಿಗೆ ಈ ಸತುವೇ ರಕ್ಷೆ, ಇಂದಿನ ಸಾಮಾನ್ಯ ಆಯಿಲ್ಲುಗಳಲ್ಲಿ ಅದು ಕಡಿಮೆ. ಫೋರ್ಡ್ 460, ಕ್ಯಾಡಿಲಾಕ್ 500 ಎರಡಕ್ಕೂ 4 ಕ್ವಾರ್ಟು (ಕ್ವಾರ್ಟು ಎಂದರೆ ಲೀಟರಿಗಿಂತ ತುಸು ಕಡಿಮೆ), ಫಿಲ್ಟರಿಗೆ ಇನ್ನೊಂದು.

ಟ್ಯಾಂಕಿನ ಹಳೆಯ ಪೆಟ್ರೋಲನ್ನು ಎಂಜಿನ್ನಿಗೆ ಬಿಡಲೇಬಾರದು. ಅದು ಅರಗಿನಂತೆ ಅಂಟಾಗಿ ವಾಲ್ವುಗಳ ಕಾಂಡಕ್ಕೆ ಹಿಡಿದು, ತಣ್ಣಗಾದ ಮೇಲೆ ಅವು ಸಿಕ್ಕಿಕೊಂಡು ಪುಷ್‌ರಾಡುಗಳು ಬಾಗುತ್ತವೆ. ಟ್ಯಾಂಕ್ ಇಳಿಸಿ ತೊಳೆಸುವವರೆಗೆ ಪಂಪಿನ ಒಳಪೈಪನ್ನು ಶುದ್ಧ ಪೆಟ್ರೋಲಿನ ಸಣ್ಣ ಕ್ಯಾನಿಗೆ ಜೋಡಿಸಿ. ರಬ್ಬರ್ ಪೈಪುಗಳೆಲ್ಲ ಎಥನಾಲ್ ತಾಳುವ ಹೊಸವಾಗಲಿ.

ಇನ್ನು ಕಾಯಿಲಿನ ಸಂಪರ್ಕ ತೆಗೆದು, ಪ್ಲಗ್ಗಿಲ್ಲದೆ, ಹತ್ತು ಹತ್ತು ಸೆಕೆಂಡು ಸೆಲ್ಫ್ ಹೊಡೆಯಿರಿ. ಆಯಿಲ್ ದೀಪ ಆರುವವರೆಗೆ ಅಥವಾ ಗೇಜಿನ ಮುಳ್ಳು ಏಳುವವರೆಗೆ. ಬ್ಯುಕ್ 455 ಇಲ್ಲಿ ಹಟ ಹಿಡಿಯುತ್ತದೆ. ಅದರ ಆಯಿಲ್ ಪಂಪ್ ಮುಂದಿನ ಟೈಮಿಂಗ್ ಕವರಿನಲ್ಲಿದೆ, ಬಹಳ ಕಾಲ ನಿಂತರೆ ಒಣಗಿ ಆಯಿಲ್ ಎಳೆಯುವುದಿಲ್ಲ. ಪಂಪಿನ ಮುಚ್ಚಳ ಬಿಚ್ಚಿ ಗೇರುಗಳ ಸುತ್ತ ಪೆಟ್ರೋಲಿಯಂ ಜೆಲ್ಲಿ ಒತ್ತಿ ತುಂಬಿ ಮತ್ತೆ ಮುಚ್ಚಿದರೆ ಹಿಡಿಯುತ್ತದೆ. ಗ್ರೀಸ್ ತುಂಬಬೇಡಿ, ಅದು ಕರಗದೆ ದಾರಿ ಕಟ್ಟುತ್ತದೆ.

ಒತ್ತಡ ಬಂದ ಮೇಲೆ ಪ್ಲಗ್ ಹಾಕಿ. ಆಕ್ಸಿಲರೇಟರನ್ನು ಒಮ್ಮೆ ಪೂರ್ತಿ ತುಳಿದು ಬಿಡಿ, ಚೋಕ್ ಮುಚ್ಚಿಕೊಳ್ಳುತ್ತದೆ. ಈಗ ಸ್ಟಾರ್ಟ್ ಮಾಡಿ. 1974ರ ಮಾದರಿ ಸೆಲ್ಫೇ ತೆಗೆದುಕೊಳ್ಳದಿದ್ದರೆ ವೈರಿಂಗ್ ಹುಡುಕುವ ಮೊದಲು ಸೀಟಿನಲ್ಲಿ ಕೂತು ಬೆಲ್ಟ್ ಕಟ್ಟಿ ನೋಡಿ. ಬೆಲ್ಟ್ ಕಟ್ಟದೆ ಸ್ಟಾರ್ಟ್ ಆಗದ ಇಂಟರ್‌ಲಾಕ್ ಆ ವರ್ಷ ಕಡ್ಡಾಯವಾಗಿತ್ತು. ಕ್ರೈಸ್ಲರ್ ಕಾರ್ಡೋಬಾ ಕೀಲಿ ತಿರುಗಿಸಿ ಹಿಡಿದಾಗ ಹತ್ತಿಕೊಂಡು, ಬಿಟ್ಟ ಕೂಡಲೇ ನಿಂತರೆ ಫೈರ್‌ವಾಲಿನ ಮೇಲಿನ ಬ್ಯಾಲಸ್ಟ್ ರೆಸಿಸ್ಟರ್ ಸುಟ್ಟಿದೆ. ಅಂಗೈಗಿಂತ ಚಿಕ್ಕ ಭಾಗ, ಒಂದನ್ನು ಗ್ಲೋವ್ ಬಾಕ್ಸಿನಲ್ಲಿ ಸದಾ ಇಟ್ಟಿರಿ. 1976ರಿಂದ ಈಚಿನ ಹಲವು ಕ್ರೈಸ್ಲರುಗಳಲ್ಲಿ ಏರ್ ಕ್ಲೀನರಿನ ಪಕ್ಕದಲ್ಲೇ ಕಿಡಿಯ ಸಮಯ ನಿಯಂತ್ರಿಸುವ ಲೀನ್ ಬರ್ನ್ ಕಂಪ್ಯೂಟರ್ ಇರುತ್ತದೆ. ಎಂಜಿನ್ನಿನ ಶಾಖಕ್ಕೆ ಅದು ಕೆಡುತ್ತದೆ. ಹೊಗೆ ತಪಾಸಣೆ ಇಲ್ಲದ ಕಡೆ ಸಾದಾ ಎಲೆಕ್ಟ್ರಾನಿಕ್ ಇಗ್ನಿಷನ್ ಕಿಟ್‌ಗೆ ಬದಲಿಸುವುದೇ ಲೇಸು.

ಜನರಲ್ ಮೋಟರ್ಸ್ ಕಾರುಗಳ ಕ್ವಾಡ್ರಜೆಟ್ ಕಾರ್ಬ್ಯುರೇಟರ್ ಬಗ್ಗೆ ಎರಡು ಮಾತು. ರಾತ್ರಿ ನಿಂತು ಬೆಳಗ್ಗೆ ಬಹಳ ಹೊತ್ತು ಸೆಲ್ಫ್ ಹೊಡೆಯಬೇಕಾದರೆ ತಳದ ಬಿರಡೆಗಳಿಂದ ಪೆಟ್ರೋಲ್ ಜಿನುಗಿ ಬೌಲ್ ಖಾಲಿಯಾಗುತ್ತಿದೆ. ಬಿಚ್ಚಿ, ಒಣಗಿಸಿ, ಪೆಟ್ರೋಲ್ ತಾಳುವ ಎಪಾಕ್ಸಿ ಹಚ್ಚಿ. ಕಪ್ಪು ಹೊಗೆ ಉಗುಳುತ್ತಿದ್ದರೆ ಫೋಮಿನಂಥ ಫ್ಲೋಟ್ ಪೆಟ್ರೋಲ್ ಹೀರಿ ಭಾರವಾಗಿದೆ, ಹೊಸದು ಹಾಕಿ. ಪಾಯಿಂಟ್ ಇರುವ ಹಳೆಯ ಡೆಲ್ಕೊ ಡಿಸ್ಟ್ರಿಬ್ಯೂಟರಿನಲ್ಲಿ ಎಂಜಿನ್ ಓಡುತ್ತಿರುವಾಗಲೇ ಮುಚ್ಚಳದ ಪುಟ್ಟ ಕಿಟಕಿಯ ಮೂಲಕ ಕಾಲಿಂಚಿನ ಅರ್ಧದ, ಅಂದರೆ 1/8 ಇಂಚಿನ ಅಲನ್ ಕೀ ಹಾಕಿ ಡ್ವೆಲ್ (ಪಾಯಿಂಟುಗಳು ಮುಚ್ಚಿಕೊಂಡಿರುವ ಕೋನ) 30 ಡಿಗ್ರಿಗೆ ತನ್ನಿ.

ಗೇರ್‌ಬಾಕ್ಸು, ಬ್ರೇಕು

ಎಕ್ಸಾಸ್ಟಿನಲ್ಲಿ ಬಿಳಿ ಹೊಗೆ, ಗೇರ್‌ಬಾಕ್ಸಿನ ಆಯಿಲ್ ಕಡಿಮೆಯಾಗುತ್ತಿದೆ, ನೆಲದಲ್ಲಿ ಮಾತ್ರ ಒಂದು ಹನಿಯೂ ಇಲ್ಲ. ಇದು ಜನರಲ್ ಮೋಟರ್ಸ್‌ನ ಟರ್ಬೊ 400, ಫೋರ್ಡ್ ಸಿ-6 ಎಂಬ ಎರಡೂ ಆಟೊಮ್ಯಾಟಿಕ್ ಗೇರ್‌ಬಾಕ್ಸುಗಳಲ್ಲಿ ಬರುವ ಕಾಯಿಲೆ. ವ್ಯಾಕ್ಯೂಮ್ ಮಾಡ್ಯುಲೇಟರಿನ ಪೊರೆ ಹರಿದು ಎಂಜಿನ್ ಆ ಆಯಿಲ್ಲನ್ನು ಕುಡಿಯುತ್ತಿದೆ. ಮಾಡ್ಯುಲೇಟರಿನ ಪೈಪ್ ಕಿತ್ತು ನೋಡಿ, ಒಳಗೆ ಆಯಿಲ್ ಇದ್ದರೆ ಖಚಿತ. ಬದಲಿಸಲು ಅರ್ಧ ಗಂಟೆ ಸಾಕು. ಗೊತ್ತಿಲ್ಲದವರು ಇದಕ್ಕೆ ಇಡೀ ಎಂಜಿನ್ ಬಿಚ್ಚಿಸಿದ್ದೂ ಉಂಟು. ಟರ್ಬೊ 400ಕ್ಕೆ ಡೆಕ್ಸ್‌ರಾನ್, 1970ರ ದಶಕದ ಮೊದಲರ್ಧದ ಫೋರ್ಡುಗಳಿಗೆ ಟೈಪ್ ಎಫ್. ಎರಡನ್ನೂ ಬೆರೆಸಬೇಡಿ. ಟೊರೊನಾಡೊ, ಎಲ್ಡೊರಾಡೊಗಳಲ್ಲಿ ಫೈನಲ್ ಡ್ರೈವಿಗೆ ಬೇರೆಯೇ ಗೇರ್ ಆಯಿಲ್ ಇದೆ, ಅದನ್ನು ಮರೆಯುವವರು ಬಹಳ. ಆಕ್ಸಲ್ಲಿನ ರಬ್ಬರ್ ಚೀಲಗಳನ್ನೂ ನೋಡಿ, ಹರಿದಿದ್ದರೆ ಒಳಗಿನ ಜಾಯಿಂಟಿಗೆ ಮಣ್ಣು ಹೋಗಿದೆ.

ಬ್ರೇಕಿನಲ್ಲಿ ಉಳಿತಾಯ ಬೇಡವೇ ಬೇಡ. ಈ ಗಾಡಿಗಳಲ್ಲಿ ದೊಡ್ಡವು ಎರಡು ಟನ್ನಿಗೂ ಹೆಚ್ಚು ತೂಗುತ್ತವೆ. ರಬ್ಬರ್ ಹೋಸುಗಳು ಒಳಗೆ ಊದಿ ಕವಾಟದಂತಾಗುತ್ತವೆ, ಪೆಡಲ್ ಬಿಟ್ಟರೂ ಚಕ್ರ ಬಿಡುವುದಿಲ್ಲ. ಹೋಸುಗಳೆಲ್ಲ, ವೀಲ್ ಸಿಲಿಂಡರುಗಳು, ಮಾಸ್ಟರ್ ಸಿಲಿಂಡರ್, ಎಲ್ಲ ಹೊಸದು. ಡಾಟ್ 3 ದ್ರವ. ಗಾಳಿ ತೆಗೆಯುವ ಕ್ರಮ: ಹಿಂದೆ ಬಲ, ಹಿಂದೆ ಎಡ, ಮುಂದೆ ಬಲ, ಮುಂದೆ ಎಡ. 1970ರ ದಶಕದ ನಡುವಿನ ಕೆಲವು ಲಿಂಕನ್, ಎಲ್ಡೊರಾಡೊಗಳಲ್ಲಿ ನಾಲ್ಕೂ ಚಕ್ರಕ್ಕೆ ಡಿಸ್ಕು, ಒತ್ತಡ ಕೊಡುವುದು ಪವರ್ ಸ್ಟೀರಿಂಗ್ ಪಂಪು. ಅಂಥ ಹೈಡ್ರೊಬೂಸ್ಟ್ ಘಟಕದಲ್ಲಿ ಸ್ಟೀರಿಂಗ್ ಆಯಿಲ್ ಇರುತ್ತದೆ, ಮಾಸ್ಟರ್ ಸಿಲಿಂಡರಿನಲ್ಲಿ ಬ್ರೇಕ್ ದ್ರವ. ಒಂದು ಹನಿ ಅದಲುಬದಲಾದರೂ ಸೀಲುಗಳು ಊದಿ ಹಾಳಾಗುತ್ತವೆ. ಕೆಳಗೆ ನುಗ್ಗುವಾಗ ಚಕ್ರಗಳಿಗೆ ಮರದ ತಡೆ ಇಡಿ, ತಾನೇ ಬಿಡುವ ಪಾರ್ಕಿಂಗ್ ಬ್ರೇಕನ್ನು ನಂಬಬೇಡಿ.

ಟೈರಿನ ಮೇಲಿನ ಗೆರೆಗಳು ಆಳವಾಗಿ ಕಂಡರೂ ಪಕ್ಕದ ಡಾಟ್ ಸಂಕೇತದ ಕೊನೆಯ ನಾಲ್ಕು ಅಂಕಿ ಓದಿ: ವಾರ, ವರ್ಷ. ಅಲ್ಲಿ ಮೂರೇ ಅಂಕಿ ಇದ್ದರೆ ಟೈರು 2000ಕ್ಕಿಂತ ಹಳೆಯದು. ಮೂಲ ಎಲ್‌ಆರ್78-15 ಅಳತೆಗೆ ಈಗಿನ 235/75ಆರ್15 ಹೊಂದುತ್ತದೆ.

ತಂಪು ಮತ್ತು ನಿಶ್ಶಬ್ದ

ಎಸಿಯಲ್ಲಿದ್ದ ಆರ್-12 ಅನಿಲದ ತಯಾರಿಕೆ ಅಮೆರಿಕದಲ್ಲಿ 1995ರ ಕೊನೆಗೆ ನಿಂತಿತು. ಉಳಿದ ದಾಸ್ತಾನು ತುಂಬಿಸಲು ಪ್ರಮಾಣಪತ್ರ ಇದ್ದವರೇ ಬೇಕು. ಆರ್-134ಎಗೆ ಬದಲಾಯಿಸುವುದಾದರೆ ಓ-ರಿಂಗುಗಳು, ಡ್ರೈಯರ್ ಹೊಸದಾಗಬೇಕು, ಹಳೆಯ ಮಿನರಲ್ ಆಯಿಲ್ ತೊಳೆದು ಎಸ್ಟರ್ ಆಯಿಲ್ ಹಾಕಬೇಕು, ಅನಿಲವನ್ನು ಮೂಲ ತೂಕದ ಶೇಕಡಾ 80ರಿಂದ 85 ಮಾತ್ರ ತುಂಬಬೇಕು. ಪೂರ್ತಿ ತುಂಬಿದರೆ ಒತ್ತಡ ಏರಿ ತಂಪು ಕಡಿಮೆಯಾಗುತ್ತದೆ.

ಸದ್ದಿನ ಕೆಲಸವನ್ನು ಬಹಳ ಜನ ಮಾಡುವುದೇ ಇಲ್ಲ, ಆದರೆ ಈ ಕಾರನ್ನು ಕಟ್ಟಿದ್ದೇ ಅದಕ್ಕಾಗಿ. ಬಾಗಿಲಿನ ರಬ್ಬರಿಗೆ ಕಾಗದದ ಪಟ್ಟಿ ಸಿಕ್ಕಿಸಿ ಬಾಗಿಲು ಮುಚ್ಚಿ ಎಳೆಯಿರಿ. ಸುತ್ತಲೂ ಒಂದೇ ಬಿಗಿಯಲ್ಲಿ ಬರಬೇಕು, ಸಲೀಸಾಗಿ ಜಾರಿದ ಕಡೆ ಗಾಳಿ ಸಿಳ್ಳೆ ಹಾಕುತ್ತದೆ. ಕಾರ್ಪೆಟ್ ಎತ್ತಿ ಕೆಳಗಿನ ನಾರಿನ ಹಾಸು ನೋಡಿ, ಒದ್ದೆಯಾಗಿದ್ದರೆ ಬಿಸಾಡಿ ಹೊಸದು ಹಾಸಿ. ಒದ್ದೆ ಪ್ಯಾಸೆಂಜರ್ ಕಡೆ ಮಾತ್ರ ಇದ್ದು ಸಿಹಿ ವಾಸನೆ ಬಂದರೆ ಅದು ಮಳೆಯ ನೀರಲ್ಲ, ಹೀಟರ್ ಕೋರಿನಿಂದ ಸೋರಿದ ಕೂಲೆಂಟ್. ಚಾಸಿಯ ಮೇಲೆ ಬಾಡಿ ಕೂರುವ ರಬ್ಬರ್ ಮೌಂಟುಗಳು ಚಪ್ಪಟೆಯಾಗಿದ್ದರೆ ರಸ್ತೆಯ ಸಣ್ಣ ಕಲ್ಲೂ ಸೀಟಿಗೆ ತಾಕುತ್ತದೆ. ಒಂದು ಬದಿಯ ಬೋಲ್ಟುಗಳನ್ನು ಸಡಿಲಿಸಿ, ಇನ್ನೊಂದು ಬದಿಯವನ್ನು ಬಿಗಿಯಾಗಿಯೇ ಬಿಟ್ಟು, ಮರದ ಹಲಗೆ ಕೊಟ್ಟು ಬಾಡಿಯನ್ನು ಒಂದೆರಡು ಇಂಚು ಎತ್ತಿ ಬದಲಿಸಿ. ಎತ್ತುವಾಗ ಸ್ಟೀರಿಂಗ್ ಶಾಫ್ಟ್, ಫ್ಯಾನಿನ ಕವಚ, ಪೆಟ್ರೋಲ್ ತುಂಬುವ ಕೊಳವೆ ಈ ಮೂರರ ಮೇಲೂ ಒಬ್ಬರ ಕಣ್ಣಿರಲಿ. ಮುರಿಯುವುದು ಅವೇ.

ಮೊದಲ 50 ಮೈಲಿ ಊರ ಹತ್ತಿರವೇ ಓಡಿಸಿ. ವಾಪಸು ಬಂದು ವೀಲ್ ನಟ್ಟುಗಳನ್ನು ಮತ್ತೊಮ್ಮೆ ಬಿಗಿಮಾಡಿ, ಗೇರ್‌ಬಾಕ್ಸಿನ ಆಯಿಲ್ಲನ್ನು ಎಂಜಿನ್ ಓಡುತ್ತಿರುವಾಗಲೇ ಅಳೆಯಿರಿ. ಕೆಳಗೆ ರಟ್ಟು ಹಾಸಿ ರಾತ್ರಿ ಬಿಡಿ. ಕ್ರ್ಯಾಂಕಿನ ಹಿಂದಿನ ತುದಿಯ, ಹಗ್ಗದ ಮಾದರಿಯ ಹಳೆಯ ಸೀಲ್ ಒಣಗಿ ಮೊದಲ ಕೆಲವು ವಾರ ಒಂದೆರಡು ಹನಿ ಬೀಳಿಸುವುದು ಸಹಜ. ಓಡುತ್ತ ಓಡುತ್ತ ಅದು ಆಯಿಲ್ ಹೀರಿ ಕಡಿಮೆಯಾಗಬಹುದು. ಒಂದು ತಿಂಗಳಾದರೂ ಹನಿ ನಿಲ್ಲದಿದ್ದರೆ ಮಾತ್ರ ಸಂಪ್ ಇಳಿಸುವ ಯೋಚನೆ ಮಾಡಿ.